ಕಟ್ಟೆಯ ಮೇಲೆ ಕೆಂಪು, ಹಿತ್ತಲಲ್ಲಿ ಹಸಿರು

ನಿಜಾಮರ ಕಾಲದಲ್ಲಿ ಹೈದರಾಬಾದಿನ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ನಾನು ಬಿ.ಎ.ಗೆ ಮನಶ್ಶಾಸ್ತ್ರ ತೆಗೆದುಕೊಂಡದ್ದಕ್ಕೆ ಘನವಾದ ಕಾರಣ ಯಾವುದೂ ಇರಲಿಲ್ಲ. ಹೆಸರು ಬರೆಸುವ ದಿನ ಇತಿಹಾಸದ ಸಾಲು ಬಿಸಿಲಿನಲ್ಲಿತ್ತು, ಮನಶ್ಶಾಸ್ತ್ರದ ಸಾಲು ಬೇವಿನ ಗಿಡದ ನೆರಳಿನಲ್ಲಿತ್ತು. ಸೇಡಂನಿಂದ ಬೆಳಗಿನ ಗಾಡಿ ಹಿಡಿದು ಬಂದವನಿಗೆ ನೆರಳೇ ವಿದ್ಯೆಯಾಗಿ ಕಂಡಿತು. ಹೋಗಿ ನಿಂತೆ. ನನ್ನ ಮುಂದೆ ಚಿಂಚೋಳಿಯ ಕಡೆಯ ಒಬ್ಬ ಗಂಭೀರ ಹುಡುಗ ನಿಂತಿದ್ದ. ಅವನು ಮಾತ್ರ ನಿಜವಾಗಿ ಓದಬೇಕೆಂದೇ ಬಂದವನು. ಮುಂದೆ ಹಾಸ್ಟೆಲಿನಲ್ಲಿ ಅವನ ಕೋಣೆಗೇ ನನ್ನನ್ನು ಹಾಕಿದರು. ಪಾಪ, ಅವನ ಗ್ರಹಚಾರ.

ಊರಿನಲ್ಲಿ ಈ ವಿದ್ಯೆಯನ್ನು ವಿವರಿಸುವುದು ಅದನ್ನು ಓದುವುದಕ್ಕಿಂತ ಕಷ್ಟದ ಕೆಲಸ. ನಮ್ಮ ಅಪ್ಪ ಕಂದಾಯ ಇಲಾಖೆಯ ಗಿರ್ದಾವರ. ಹೊಲಗಳ ಗಡಿ ಅಳೆಯುವವರು. ಅಳತೆಗೆ ಸಿಗದ ಯಾವುದರ ಮೇಲೂ ಅವರಿಗೆ ನಂಬಿಕೆ ಇಲ್ಲ.

"ಏನ್ ಓದ್ಲಿಕತ್ತೀದಿ?" ಎಂದು ಕೇಳಿದರು.

"ಮನಸ್ಸಿನ ಶಾಸ್ತ್ರ ರೀ, ಅಪ್ಪಾ."

"ಮನಸ್ಸು ಎಲ್ಲಾರಿಗೂ ಅದ. ಅದಕ್ಕ ಹೈದರಾಬಾದಿಗೆ ಹೋಗೋದು ಯಾಕ?"

ಅವ್ವನ ಲೆಕ್ಕವೇ ಬೇರೆ. ಮನಸ್ಸಿನ ಶಾಸ್ತ್ರ ಓದಿದವನಿಗೆ ಎದುರಿನವರ ಮನಸ್ಸು ಕಾಣುತ್ತದೆ ಎಂದು ಆಕೆ ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದಳು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಾ ಕೇಳಿದಳು: "ಹಂಗಾದ್ರ ಹೇಳು, ಈಗ ನನ್ನ ಮನಸ್ಸಿನ್ಯಾಗ ಏನದ?"

"ಇಂವ ಇನ್ನೊಂದು ರೊಟ್ಟಿ ಕೇಳದೇ ಎದ್ದು ಹೋದ್ರ ಸಾಕು ಅಂತ ಅದ."

"ಯಪ್ಪಾ! ಭಾಳ ಚೊಲೊ ಕಲಿಸ್ಯಾರ ಪಾ," ಎಂದು ಇನ್ನೊಂದು ರೊಟ್ಟಿ ಹಾಕಿದಳು.

ನನಗೆ ಹುಟ್ಟಿನಿಂದ ಬಂದದ್ದು ಒಂದೇ ವಿದ್ಯೆ, ಕಂಡವರ ಹಾಗೆ ಮಾತಾಡುವುದು. ಗಾಡಿಯಲ್ಲಿ ಕೂತರೆ ತಾಂಡೂರಿನ ಚಹಾದವನು ತೆಲುಗಿನಲ್ಲಿ ಹೇಗೆ ಕೂಗುತ್ತಾನೆ, ಚಿತ್ತಾಪುರದವನು ಅರ್ಧ ನಿದ್ದೆಯಲ್ಲಿ ಹೇಗೆ ಕೂಗುತ್ತಾನೆ, ವಾಡಿ ಜಂಕ್ಷನ್ನಿನವನು ಎರಡು ದಿಕ್ಕಿನ ಗಾಡಿಗಳಿಗೂ ಕೇಳುವ ಹಾಗೆ ಕುತ್ತಿಗೆಯ ನರ ಉಬ್ಬಿಸಿ ಹೇಗೆ ಅರಚುತ್ತಾನೆ, ಎಲ್ಲವನ್ನೂ ಮಾಡಿ ತೋರಿಸುತ್ತಿದ್ದೆ. ಜನ ನಿಜವಾಗಿಯೂ ಕಿಟಕಿಯ ಹೊರಗೆ ಕೈ ಚಾಚಿ ಚಹಾ ಕೇಳುತ್ತಿದ್ದರು. ನನ್ನನ್ನೂ ನಾನು ಬಿಟ್ಟವನಲ್ಲ. ಉರ್ದುವಿನಲ್ಲಿ ತತ್ತರಿಸುತ್ತಾ ಉತ್ತರ ಹೇಳುವ ಸೇಡಂ ಹುಡುಗನೊಬ್ಬನನ್ನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಅದಕ್ಕೆ ಅಭ್ಯಾಸವೇ ಬೇಕಾಗಿರಲಿಲ್ಲ.

ಅಲ್ಲಿ ಪಾಠವೆಲ್ಲ ಉರ್ದುವಿನಲ್ಲಿ. ಮನಶ್ಶಾಸ್ತ್ರದ ಹೆಸರೂ ನಫ್ಸಿಯಾತ್. ಅದನ್ನು ಹೇಳಿಕೊಡುತ್ತಿದ್ದ ಪ್ರೊಫೆಸರ್ ಸಾಹೇಬರು ತೆಳ್ಳಗಿನ, ಕಪ್ಪು ಶೇರ್ವಾನಿಯ, ಮೆಲುದನಿಯ ಮನುಷ್ಯ. ದೊಡ್ಡ ಪದ ಬರುವ ಮೊದಲು ಕನ್ನಡಕ ತೆಗೆದು, ಕರವಸ್ತ್ರದಿಂದ ಒರೆಸಿ, ಮತ್ತೆ ಏರಿಸಿ, ಆಮೇಲೆ ಆ ಪದವನ್ನು ಉಚ್ಚರಿಸುತ್ತಿದ್ದರು. ಒರೆಸಿದ್ದು ಕನ್ನಡಕವನ್ನೋ ಪದವನ್ನೋ ತಿಳಿಯುತ್ತಿರಲಿಲ್ಲ. ಅವರ ಮಾತುಗಳನ್ನು ಇಲ್ಲಿ ಕನ್ನಡಕ್ಕೆ ತಂದಿದ್ದೇನೆ. ಹಾಗೆ ತರುವಾಗ ಅದರ ಅತ್ತರಿನ ವಾಸನೆ ಸ್ವಲ್ಪ ಹಾರಿಹೋಗಿದ್ದರೆ ಓದುಗರು ಮನ್ನಿಸಬೇಕು.

ಅವರ ತರಗತಿಗೆ ನಾನು ತಪ್ಪದೆ ಹೋಗುತ್ತಿದ್ದೆ, ಕಣ್ಣು ಕಿವಿ ತೆರೆದೇ ಕೂರುತ್ತಿದ್ದೆ. ಒಂದೇ ತೊಂದರೆ. ಉಳಿದವರು ಅವರು ಏನು ಹೇಳುತ್ತಾರೆಂದು ಕೇಳುತ್ತಿದ್ದರು, ನಾನು ಹೇಗೆ ಹೇಳುತ್ತಾರೆಂದು ಕೇಳುತ್ತಿದ್ದೆ. ವರ್ಷ ಕಳೆಯುವ ಹೊತ್ತಿಗೆ ಅವರ ಉಪನ್ಯಾಸಗಳು ಉಸಿರು, ಕೆಮ್ಮು, ಒರೆಸುವಿಕೆ ಸಮೇತ ನನ್ನ ಬಾಯಲ್ಲಿದ್ದವು. ಅರ್ಥ ಮಾತ್ರ ಚಿಂಚೋಳಿಯವನ ತಲೆಯಲ್ಲಿತ್ತು. ಪ್ರಯೋಗಶಾಲೆಯ ಹೊತ್ತಿನಲ್ಲಂತೂ ನಾನು ಚಹಾದಂಗಡಿಯಲ್ಲಿ ನನ್ನದೇ ಪ್ರಯೋಗಗಳನ್ನು ನಡೆಸುತ್ತಿದ್ದೆ.

ಒಂದು ದಿನ ಸಾಹೇಬರು ಬರುವುದು ತಡವಾಯಿತು. ಹುಡುಗರು ಒತ್ತಾಯಿಸಿದರು. ಒತ್ತಾಯ ಇಲ್ಲದಿದ್ದರೂ ನಾನು ಏಳುತ್ತಿದ್ದೆ ಅನ್ನುವುದು ಬೇರೆ ಮಾತು. ವೇದಿಕೆ ಹತ್ತಿ, ಇಲ್ಲದ ಕನ್ನಡಕ ತೆಗೆದು, ಇಲ್ಲದ ಕರವಸ್ತ್ರದಿಂದ ಒರೆಸಿ, "ಅಜೀಜ್ ತಲಬಾ," ಎಂದು ಪ್ರಿಯ ವಿದ್ಯಾರ್ಥಿಗಳನ್ನು ಕರೆದು, ಗಮನಶಕ್ತಿಯ ಬಗ್ಗೆ ಉಪನ್ಯಾಸ ಶುರುಮಾಡಿದೆ. ಹುಡುಗರು ನಗುತ್ತಿದ್ದರು. ಇದ್ದಕ್ಕಿದ್ದ ಹಾಗೆ ನಗು ನಿಂತಿತು. ಗಮನಶಕ್ತಿಯ ಬಗ್ಗೆ ಮಾತಾಡುತ್ತಿದ್ದ ನಾನು ಬಾಗಿಲಿನ ಕಡೆ ಗಮನ ಕೊಟ್ಟಿರಲಿಲ್ಲ.

ಸಾಹೇಬರು ಬಯ್ಯಲಿಲ್ಲ. ಅದೇ ಭಯದ ಸಂಗತಿ. ಕೋಣೆಗೆ ಕರೆಸಿಕೊಂಡು, ಮಗನೇ ಎಂದು ಕರೆಯುವ ಹಾಗೆ ಮೆಲ್ಲಗೆ ಹೇಳಿದರು: "ಬರ್ಖುರ್ದಾರ್, ನನ್ನ ಎಡಗೈಯನ್ನು ನೀವು ಪೂರ್ತಿ ಮರೆತಿದ್ದೀರಿ. ನಾನು ಮಾತಾಡುವಾಗ ಅದು ಶೇರ್ವಾನಿಯ ಗುಂಡಿ ಹುಡುಕುತ್ತಿರುತ್ತದೆ." ನಾನು ತಲೆ ತಗ್ಗಿಸಿದೆ. "ಇನ್ನೊಂದು ಮಾತು. ಎಲ್ಲರ ಪ್ರಯೋಗಗಳಿಗೂ ನನ್ನ ಸಹಿ ಬಿದ್ದಿದೆ, ನಿಮ್ಮದೊಂದೇ ಖಾಲಿ. ಸಹಿ ಇಲ್ಲದವರು ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ."

ನನ್ನ ಕಣ್ಣ ಮುಂದೆ ಶಹಾಬಾದ ಬಂದು ನಿಂತಿತು. ಅಲ್ಲಿ ನನ್ನ ಸೋದರಮಾವನಿಗೆ ಪರ್ಸಿ ಕಲ್ಲಿನ ಗಣಿ ಇದೆ, ನೆಲಕ್ಕೆ ಹಾಸುವ ಬಂಡೆಗಳದ್ದು. ಈ ವರ್ಷ ಪಾಸಾಗದಿದ್ದರೆ ಮರುದಿನವೇ ಮಾವನ ಹತ್ತಿರ ಗುಮಾಸ್ತಗಿರಿ ಎಂದು ಅಪ್ಪ ಆಗಲೇ ಅಪ್ಪಣೆ ಮಾಡಿದ್ದರು. ಗಣಿಯ ಕೆಲಸ ಕೀಳು ಅಂತಲ್ಲ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯ ತನಕ ಉಳಿ ಸುತ್ತಿಗೆಯ ಸದ್ದು. ನಾನು ಯಾರ ದನಿ ತೆಗೆದರೂ ನನಗೇ ಕೇಳಿಸುವುದಿಲ್ಲ. ರಾವೂರಿನ ಗಣಿಗಳ ಪಕ್ಕ ಒಮ್ಮೆ ಹಾದುಹೋದಾಗಲೇ ನಾನು ಒಂದಿಡೀ ಮಧ್ಯಾಹ್ನ ಮೂಕನಾಗಿದ್ದೆ. ಮನೆಯವರು ಜ್ವರ ಬಂದಿದೆ ಎಂದು ಹಣೆ ಮುಟ್ಟಿ ನೋಡಿದ್ದರು.

"ಹುಜೂರ್," ಎಂದೆ, ಈ ಸಲ ನನ್ನದೇ ದನಿಯಲ್ಲಿ. ನನ್ನ ದನಿ ಅಷ್ಟು ಸಣ್ಣದು ಅಂತ ಅವತ್ತೇ ಗೊತ್ತಾದದ್ದು.

ಅವರು ಕಪಾಟಿನಿಂದ ಎರಡು ತಗಡಿನ ಡಬ್ಬಿ ತೆಗೆದರು. ಎರಡೂ ಒಂದೇ ಗಾತ್ರ, ಒಳಗೆ ಮರಳು, ಬಾಯಿಗೆ ಅರಗಿನ ಮುದ್ರೆ. ಒಂದರ ಮೇಲೆ ಕೆಂಪು ಕಾಗದ, ಇನ್ನೊಂದರ ಮೇಲೆ ಹಸಿರು ಕಾಗದ. "ಒಂದು ತುಸು ಹೆಚ್ಚು ಭಾರ. ರಜೆಗೆ ಊರಿಗೆ ಹೋಗಿ, ಕಾಲೇಜಿನ ಗಾಳಿ ಸೋಕದ ನಿಮ್ಮ ಜನರ ಕೈಯಲ್ಲಿ ಇವನ್ನು ಎತ್ತಿಸಿ. ಯಾವುದು ಭಾರ ಎಂದು ಕೇಳಿ, ಹೇಳಿದ್ದನ್ನು ಹೇಳಿದ ಹಾಗೇ ಬರೆದು ತನ್ನಿ. ಹೇಗೆ ಕೇಳಬೇಕೆಂದು ನಾನು ತರಗತಿಯಲ್ಲಿ ಹೇಳಿದ್ದೇನೆ. ತಂದದ್ದು ಸತ್ಯವಾಗಿದ್ದರೆ ಸಹಿ."

"ಸತ್ಯ ಅಲ್ಲದಿದ್ದರೆ ಗೊತ್ತಾಗುತ್ತದೆಯೇ ಹುಜೂರ್?" ಎಂದು ನನ್ನ ಬಾಯಿಂದ ಬಂದೇಬಿಟ್ಟಿತು.

"ನಕಲು ನನಗೆ ಗುರುತು ಸಿಗುತ್ತದೆ," ಎಂದರು.

ಗಾಡಿಯಲ್ಲಿ ನಾನೇ ಎತ್ತಿ ನೋಡಿದೆ. ಹಸಿರು ಭಾರ. ಅನುಮಾನವೇ ಬೇಡ. ಬಹಳ ಅಲ್ಲ, ಆದರೆ ಎರಡು ಕೈಯಲ್ಲಿ ಹಿಡಿದರೆ ಯಾರಿಗಾದರೂ ತಿಳಿಯುವಷ್ಟು. ಇಷ್ಟೇನಾ, ಇದೂ ಒಂದು ಪರೀಕ್ಷೆಯೇ ಎಂದು ತಾಂಡೂರು ದಾಟುವ ಹೊತ್ತಿಗೆ ಸಿಳ್ಳೆ ಹಾಕುತ್ತಿದ್ದೆ.

ಮರುದಿನ ಸಂಜೆ ನಮ್ಮ ಮನೆಯ ಕಟ್ಟೆಯ ಮೇಲೆ ಜನ ಸೇರಿಸಿದೆ. ಕಷ್ಟವೇನೂ ಆಗಲಿಲ್ಲ, ಸಂಜೆಯ ಚಹಾಕ್ಕೆ ಅವರು ಹೇಗೂ ಸೇರುತ್ತಾರೆ. ಗೋಡೆಗೆ ಒರಗಿ ಅಪ್ಪ. ಅವರ ಬಲಕ್ಕೆ ಎದುರು ಮನೆಯ ಕಿರಾಣಿ ಅಂಗಡಿಯ ಸಾಹುಕಾರರು, ಹಣೆಯ ತುಂಬ ವಿಭೂತಿ, ಹೊಟ್ಟೆಯ ಮೇಲೆ ಕೈ. ಎಡಕ್ಕೆ ಪಕ್ಕದ ಮನೆಯ ದರ್ಜಿ ಚಾಚಾ, ಕುತ್ತಿಗೆಯಲ್ಲಿ ಅಳತೆಯ ಪಟ್ಟಿ. ತುದಿಯಲ್ಲಿ ನಮ್ಮ ಅಕ್ಕನ ಗಂಡ, ಭಾವ. ವಾಡಿ ಸ್ಟೇಷನ್ನಿನಲ್ಲಿ ಪಾರ್ಸಲ್ ಗುಮಾಸ್ತ, ಹಬ್ಬಕ್ಕೆ ಬಂದು ಹಬ್ಬ ಮುಗಿದ ಮೇಲೂ ಇದ್ದವರು. ಇನ್ನೂ ನಾಲ್ಕಾರು ಓಣಿಯವರು.

"ಏನಿದು, ಮದ್ದಿನ ಡಬ್ಬಿ ಏನು?" ಎಂದರು ಸಾಹುಕಾರರು.

"ಇಲ್ರಿ. ನಿಮ್ಮ ಕೈ ಪರೀಕ್ಷಾ. ಎತ್ತಿ ನೋಡ್ರಿ, ಯಾವುದು ಭಾರ ಅದ ಹೇಳ್ರಿ. ಇಷ್ಟ."

"ಇದಕ್ಕ ಸರ್ಕಾರ ಪ್ರೊಫೆಸರ್ ಇಟ್ಟಾದ?"

"ಪಗಾರ ಕೊಟ್ಟು ಇಟ್ಟಾದ್ರಿ."

"ವಾಹ್!" ಎಂದು ಚಾಚಾ ಗಡ್ಡ ಸವರಿದರು. "ನಾ ಏನ್ ಪಾಪ ಮಾಡಿದ್ದೆ ಅಂತ ದರ್ಜಿ ಆದೆ?"

ಯಾರಿಗೆ ಮೊದಲು ಕೊಡಬೇಕೆಂದು ಯೋಚಿಸುವ ಪ್ರಶ್ನೆಯೇ ಇರಲಿಲ್ಲ. ಅಪ್ಪ ಕೂತಿರುವಾಗ ಬೇರೆಯವರಿಗೆ ಮೊದಲು ನೀರೂ ಕೊಡುವುದಿಲ್ಲ. ಅವರು ಡಬ್ಬಿಗಳನ್ನು ತೆಗೆದುಕೊಂಡು, ಹೊಲದ ಗಡಿ ತೀರ್ಮಾನಿಸುವ ಮುಖ ಮಾಡಿ, ಒಮ್ಮೆ ಮೇಲೆ ಕೆಳಗೆ ಆಡಿಸಿ, "ಕೆಂಪು," ಎಂದರು. ನನಗೆ ಒಳಗೇ ಖುಷಿ. ತಪ್ಪು ಉತ್ತರವೂ ಬೇಕಲ್ಲ, ಇಲ್ಲದಿದ್ದರೆ ಪ್ರಯೋಗಕ್ಕೆ ಮಜಾ ಏನು? ಬರೆದುಕೊಂಡೆ.

ಸಾಹುಕಾರರು ಎತ್ತಿದರು. ದಿನವೆಲ್ಲ ತೂಗುವ ಕೈ. ಇವರದ್ದು ಹಸಿರು ಎಂದು ನಾನು ಬರೆಯಲು ಶುರುವೇ ಮಾಡಿದ್ದೆ. ಅವರು ಒಂದು ಸಲ ಹಸಿರನ್ನು ನೋಡಿದರು, ಒಂದು ಸಲ ಅಪ್ಪನನ್ನು ನೋಡಿದರು. "ಕೆಂಪು ರೀ. ಬರೋಬ್ಬರಿ ಕೆಂಪು."

ಚಾಚಾ ಎತ್ತಿ, ಕಣ್ಣು ಮುಚ್ಚಿ, "ಲಾಲ್," ಎಂದರು.

ಭಾವ ಎತ್ತಿದರು. ದಿನಾ ಪಾರ್ಸಲ್ ಎತ್ತಿ ಎತ್ತಿ ಒಂದು ಹೆಗಲು ಇಳಿದುಹೋದ ಮನುಷ್ಯ. "ಮಾಮಾ ಅಂದದ್ದೇ ಖರೇ. ಕೆಂಪು."

ಓಣಿಯವರೆಲ್ಲ ಕೆಂಪು. ಒಬ್ಬರಂತೂ ಡಬ್ಬಿ ಮುಟ್ಟುವ ಮೊದಲೇ ಕೆಂಪು ಅಂದರು. "ಎತ್ತಿ ಹೇಳ್ರಿ," ಎಂದೆ. "ಎತ್ತೋದೇನದ, ಕುಂತಲ್ಲಿಂದ್ಲೇ ಕಾಣ್ತದ," ಎಂದರು.

ಕಟ್ಟೆಯ ಮೇಲಿನವರೆಲ್ಲ ಚಹಾ ಕುಡಿದು, ಸೇಡಂ ಜನರ ಕೈ ಎಂದರೆ ಸುಮ್ಮನೆ ಅಲ್ಲ ಎಂದು ಪರಸ್ಪರ ಹೊಗಳಿಕೊಂಡು ಎದ್ದರು. ನಾನು ಕಾಗದ ಹಿಡಿದು ಅಡುಗೆಮನೆಯಲ್ಲಿ ಅವ್ವನ ಹತ್ತಿರ ಹೋಗಿ ಕೂತೆ. ಮೇಲಿನಿಂದ ಕೆಳಗಿನ ತನಕ ಕೆಂಪು. ಇದನ್ನು ಪ್ರೊಫೆಸರ್ ಸಾಹೇಬರ ಮುಂದೆ ಇಟ್ಟರೆ ಏನನ್ನುತ್ತಾರೆ? ಮಹಾಶಯ ಚಹಾದಂಗಡಿಯಲ್ಲಿ ಕೂತು ಬರೆದಿದ್ದಾನೆ, ಅದೂ ಆಲಸಿತನದಿಂದ, ಬಣ್ಣ ಬದಲಿಸುವ ಶ್ರಮವನ್ನೂ ತೆಗೆದುಕೊಂಡಿಲ್ಲ ಅನ್ನುತ್ತಾರೆ. ಶಹಾಬಾದಿನ ಸುತ್ತಿಗೆ ಕಿವಿಯಲ್ಲಿ ಕೇಳತೊಡಗಿತು.

"ಯಾಕೋ, ಮಾರಿ ಹಂಗ ಮಾಡೀದಿ?" ಎಂದಳು ಅವ್ವ. "ನಿಮ್ಮ ಮಾಸ್ತರ ಏನಂತ ಹೇಳಿ ಕಳಿಸಿದ್ರು?"

ಏನಂತ ಹೇಳಿದ್ದರು? ನೆನಪಿರಲಿಲ್ಲ. ಆದರೆ ಹೇಗೆ ಹೇಳಿದ್ದರು ಅನ್ನುವುದು ನೆನಪಿತ್ತು. ಅವ್ವನ ಮುಂದೆ ಎದ್ದು ನಿಂತೆ. ಎಡಗೈಯಿಂದ ಗುಂಡಿ ಹುಡುಕಿದೆ. ಕನ್ನಡಕ ತೆಗೆದೆ, ಒರೆಸಿದೆ, ಏರಿಸಿದೆ. ಆ ದಿನದ ಉಪನ್ಯಾಸವನ್ನು ಕೆಮ್ಮಿನ ಸಮೇತ ಬಿಚ್ಚಿದೆ. ಅವ್ವನಿಗೆ ಅಷ್ಟು ಘನವಾದ ಉರ್ದು ತಿಳಿಯದು. ಆದರೂ ಸೆರಗು ಬಾಯಿಗೆ ಒತ್ತಿ ನಗತೊಡಗಿದಳು. ನಡುವೆ ಒಂದು ಕಡೆ ನನ್ನದೇ ಬಾಯಿಂದ ಸಾಹೇಬರ ದನಿಯಲ್ಲಿ ಈ ಮಾತು ಬಂತು: ಪ್ರತಿಯೊಬ್ಬರನ್ನೂ ಒಬ್ಬೊಬ್ಬರಾಗಿ, ಬೇರೆಯವರ ಕಣ್ಣು ಕಿವಿಗೆ ಬೀಳದ ಹಾಗೆ ಕೇಳಬೇಕು.

ನಾನು ಅಲ್ಲೇ ನಿಂತುಬಿಟ್ಟೆ.

"ಮುಂದ?" ಎಂದಳು ಅವ್ವ.

"ಮುಂದ ಏನಿಲ್ಲವ್ವ. ಮುಂದ ಶಹಾಬಾದ."

ಅಷ್ಟರಲ್ಲಿ ಹಿತ್ತಲ ಬಾಗಿಲು ಕಿರುಗುಟ್ಟಿತು. ಸಾಹುಕಾರರು. ಮುಂಬಾಗಿಲಿನಿಂದ ಹೋದವರು ಓಣಿ ಸುತ್ತಿ ಹಿಂದಿನಿಂದ ಬಂದಿದ್ದರು. ಬಾವಿಯ ಕಡೆ ಕರೆದು ಮೆಲ್ಲಗೆ ಹೇಳಿದರು: "ತಮ್ಮಾ, ಹಸಿರು ಭಾರ ಅದ. ನಿನ್ನ ಪರೀಕ್ಷಾಕ್ಕ ತೊಂದರೆ ಆಗಬಾರದು ಅಂತ ಹೇಳಿ ಹೋಗ್ಲಿಕ್ಕೆ ಬಂದೆ."

"ಮತ್ತ ಆಗ ಯಾಕ ಕೆಂಪು ಅಂದ್ರಿ?"

ಅವರು ನನ್ನನ್ನು ಹುಚ್ಚನನ್ನು ನೋಡಿದ ಹಾಗೆ ನೋಡಿದರು. "ಗಿರ್ದಾವರ ಸಾಹೇಬರ ಕಟ್ಟಿ ಮ್ಯಾಲ ಕುಂತು, ಅವರ ಮನಿ ಚಹಾ ಕುಡಕೋತ, ಅವರು ಕೆಂಪು ಅಂದಮ್ಯಾಲ ನಾ ಹಸಿರು ಅಂತ ಹ್ಯಾಂಗ ಅನ್ಲಿ? ನಾಕ ಮಂದಿ ಮುಂದ? ನೀ ಹೈದರಾಬಾದಿನ್ಯಾಗ ಏನ್ ಕಲಿತೀದಿ?"

ಅವರು ಹೋದ ಮೇಲೆ ನನಗೆ ಹೊಳೆಯಿತು. ನಮ್ಮ ಊರಿನ ರೀತಿಯೇ ಇದು. ಹಿರಿಯರ ಮಾತಿಗೆ ಕಟ್ಟೆಯ ಮೇಲೆ ಎದುರು ಮಾತಿಲ್ಲ. ಹಾಗಂತ ಯಾರೂ ತಮ್ಮ ಅಭಿಪ್ರಾಯ ಬಿಟ್ಟುಕೊಡುವುದೂ ಇಲ್ಲ. ಅದಕ್ಕೆ ಹಿತ್ತಲ ಬಾಗಿಲಿದೆ. ಮದುವೆಯ ಮಾತು ಕಟ್ಟೆಯ ಮೇಲೆ ಗಟ್ಟಿಯಾಗುತ್ತದೆ, ಹಿತ್ತಲಲ್ಲಿ ಮುರಿಯುತ್ತದೆ. ಜಗಳ ಕಟ್ಟೆಯ ಮೇಲೆ ಮುರಿಯುತ್ತದೆ, ಹಿತ್ತಲಲ್ಲಿ ಗಟ್ಟಿಯಾಗುತ್ತದೆ. ಇದನ್ನೆಲ್ಲ ಹುಟ್ಟಿದಾಗಿನಿಂದ ನೋಡಿಯೂ, ನಾನು ಎರಡು ಡಬ್ಬಿ ಹಿಡಿದು ಸೀದಾ ಕಟ್ಟೆಗೇ ಹೋಗಿದ್ದೆ.

ಸ್ವಲ್ಪ ಹೊತ್ತಿಗೆ ಚಾಚಾ ಬಂದರು. ಹಿತ್ತಲ ಗೋಡೆಯ ಆಚೆಯಿಂದ ತಲೆ ಮಾತ್ರ ಕಾಣುತ್ತಿತ್ತು. "ಬೇಟಾ, ಹಸಿರು ಬರಕೋ."

"ಕಟ್ಟಿ ಮ್ಯಾಲ ಲಾಲ್ ಅಂದ್ರಲ್ಲ ಚಾಚಾ?"

"ಅದು ತಹಜೀಬ್. ಇದು ವಜನ್," ಎಂದು ತಲೆ ಇಳಿಯಿತು. ಮರ್ಯಾದೆ ಬೇರೆ, ತೂಕ ಬೇರೆ. ಒಂದಿಡೀ ಪಾಠವನ್ನು ಗೋಡೆಯ ಮೇಲೆ ಗಡ್ಡ ಇಟ್ಟು ಮುಗಿಸಿಬಿಟ್ಟರು.

ಆಮೇಲೆ ಭಾವ. ಕೈಯಲ್ಲಿ ತಂಬಿಗೆ ಹಿಡಿದು, ಎಲ್ಲಿಗೋ ಹೊರಟವರ ಹಾಗೆ ನಟಿಸುತ್ತಾ ಬಂದರು. ಅವರ ನಟನೆ ನನಗಿಂತ ಬಹಳ ಕಡಿಮೆ ದರ್ಜೆಯದು. "ಹಸಿರು ಪಾ ಅದು. ಮಾಮಾಗ ಎದುರು ಆಡಿದ್ರ ನಿಮ್ಮ ಅಕ್ಕ ವಾಡಿ ತನಕಾ ನನ್ನ ಜೋಡಿ ಮಾತಾಡಂಗಿಲ್ಲ."

"ವಾಡಿ ತನಕಾ ಸುಖಾ ಇರ್ತೀರಲ್ಲ ಭಾವಾ. ಅಂದುಬಿಡಬೇಕಿತ್ತು."

"ನಿನಗ ಮದುವಿ ಆಗಲಿ, ಆವಾಗ ಇದೇ ಡಬ್ಬಿ ನಾ ತರ್ತೀನಿ," ಎಂದು ತಂಬಿಗೆಯಿಂದ ನನ್ನ ತಲೆಗೆ ಮೊಟಕಿದರು. ಅದು ಖಾಲಿ ಇತ್ತು. ತಂಬಿಗೆ ಅಂದೆ, ತಲೆ ಅಲ್ಲ. ತಲೆಯೂ ಇರಬಹುದು.

ಒಬ್ಬೊಬ್ಬರಾಗಿ ಉಳಿದವರೂ ಬಂದರು. ಮುಟ್ಟದೇ ಕೆಂಪು ಅಂದವರು ಈಗ ಡಬ್ಬಿ ತರಿಸಿ, ಎತ್ತಿ, ಹಸಿರು ಅಂದು ಹೋದರು. ಅವ್ವ ಒಲೆಯ ಮುಂದೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಾ, "ಇವತ್ತ ನಮ್ಮ ಹಿತ್ತಲದಾಗ ಸಂತಿ ನಡದದ," ಎಂದಳು.

ಕೊನೆಗೆ ಬಂದವರನ್ನು ನಾನು ನಿರೀಕ್ಷಿಸಿರಲಿಲ್ಲ. ತಮ್ಮದೇ ಮನೆಯ ಹಿತ್ತಲಿಗೆ ಅಪ್ಪ ಕಳ್ಳಹೆಜ್ಜೆ ಹಾಕಿಕೊಂಡು ಬಂದರು. ಗಂಟಲು ಸರಿಮಾಡಿಕೊಂಡರು. ಆಕಾಶ ನೋಡಿದರು. ಬಾವಿಯೊಳಗೆ ಇಣುಕಿದರು.

"ಆ ಡಬ್ಬಿ," ಎಂದರು.

"ಹೌದ್ರಿ."

"ನಾ ಅವಸರದಾಗ ಕೆಂಪು ಅಂದೆ. ಕೆಳಗ ಇಡುವಾಗ ಹಸಿರೇ ಭಾರ ಅನಿಸ್ತು. ಹೇಳಬೇಕು ಅನ್ನೋದ್ರಾಗ ಸಾಹುಕಾರ ಕೆಂಪು ಅಂದ್ರು. ದಿನಾ ತೂಗೋ ಮನುಷ್ಯಾ. ದರ್ಜಿ ಅಂದ. ಅಳಿಯಾ ಅಂದ್ರು. ಇಷ್ಟ ಮಂದಿ ಕೆಂಪು ಅಂದಮ್ಯಾಲ ನನ್ನ ಕೈನೇ ತಪ್ಪಿರಬೇಕು ಅಂತ ಸುಮ್ಮನಾದೆ."

ನಗು ಹೊಟ್ಟೆಯಿಂದ ಗಂಟಲ ತನಕ ಬಂತು. ನಗಲಿಲ್ಲ. ನಗದೆ ಇದ್ದದ್ದು ನನ್ನ ಬದುಕಿನ ದೊಡ್ಡ ನಟನೆ. ಅವರೆಲ್ಲ ನಿಮ್ಮ ಮುಖ ನೋಡಿ ಅಂದರು ಎಂದು ಹೇಳಬಹುದಿತ್ತು. ಹೇಳಿದರೆ ಆ ಕಟ್ಟೆಯ ಚಹಾ ಮೊದಲಿನ ಹಾಗೆ ಇರುತ್ತಿರಲಿಲ್ಲ. "ನಿಮ್ಮ ಕೈ ತಪ್ಪಿಲ್ರಿ ಅಪ್ಪಾ," ಎಂದಷ್ಟೇ ಅಂದೆ.

"ಹಂಗಾದ್ರ ಪಾಸ್ ಆಗ್ತೀದೇನು?"

"ಮಾಸ್ತರ ಖರೇ ಅಂತ ನಂಬಿದ್ರ ಆಗ್ತೀನ್ರಿ."

"ಖರೇ ಅದ ಅಂದಮ್ಯಾಲ ನಂಬ್ಲಿಕ್ಕೆ ಏನದ?" ಎಂದು ಹೋದರು. ಅಳತೆಯ ಸರಪಳಿ ಹಿಡಿದವರಿಗೆ ಜಗತ್ತು ಎಷ್ಟು ಸುಲಭ.

ಹಾಸ್ಟೆಲಿಗೆ ಹಿಂದಿರುಗಿ ಚಿಂಚೋಳಿಯವನ ಮುಂದೆ ಎರಡೂ ಕಾಗದ ಹರಡಿದೆ. ಕಟ್ಟೆಯದು ಪೂರ್ತಿ ಕೆಂಪು, ಹಿತ್ತಲಿನದು ಪೂರ್ತಿ ಹಸಿರು. ಅವನು ಒಂದೊಂದರ ಮೇಲೂ ಬೆರಳಿಟ್ಟ.

"ಇದು ಕೊಟ್ರ ಸುಳ್ಳ ಅಂತಾರ. ಇದು ಕೊಟ್ರೂ ಸುಳ್ಳ ಅಂತಾರ. ಮಂದಿ ಅಂದಮ್ಯಾಲ ಒಂದಿಷ್ಟು ತಪ್ಪ, ಒಂದಿಷ್ಟು ಬರೋಬ್ಬರಿ ಇರಬೇಕಲ್ಲೋ."

"ಎರಡೂ ಖರೇ ಅವ. ಏನ್ ಮಾಡ್ಲಿ?"

"ಎರಡೂ ಕಲಸಿಬಿಡು," ಎಂದ. ಇಡೀ ವರ್ಷ ಒಂದೂ ತರಗತಿ ತಪ್ಪಿಸದ ಪುಣ್ಯಾತ್ಮ, ಇಷ್ಟು ತಣ್ಣಗೆ. "ನಾಕು ಕೆಂಪು, ಉಳಿದದ್ದು ಹಸಿರು. ನೋಡ್ಲಿಕ್ಕೆ ಛಂದ ಕಾಣ್ತದ."

ಛಂದ ಕಾಣುತ್ತಿತ್ತು, ನಿಜ. ಪೆನ್ನೂ ತೆಗೆದೆ. ಸಾಹುಕಾರರಿಗೆ ಹಸಿರು ಕೊಡೋಣ, ಚಾಚಾನಿಗೆ ಕೆಂಪು ಎಂದು ಹಂಚುತ್ತಾ ಹೋದೆ. ಆದರೆ ಭಾವನ ಹತ್ತಿರ ಬಂದಾಗ ಕೈ ನಿಂತಿತು. ಹಸಿರು ಕೊಟ್ಟರೆ ಕಟ್ಟೆಯ ಭಾವ ಹೋಗುತ್ತಾರೆ, ಕೆಂಪು ಕೊಟ್ಟರೆ ತಂಬಿಗೆಯ ಭಾವ ಹೋಗುತ್ತಾರೆ. ಇಬ್ಬರಲ್ಲಿ ಯಾರನ್ನು ಬಿಟ್ಟರೂ ಅವರು ಭಾವ ಆಗುವುದಿಲ್ಲ. ಒಬ್ಬ ಮನುಷ್ಯನನ್ನು ಮಾಡಿ ತೋರಿಸುವಾಗ ಅರ್ಧ ಬಿಟ್ಟರೆ ಅದು ಕೆಟ್ಟ ನಕಲು. ಆ ಒಂದು ವಿಷಯದಲ್ಲಿ ಮಾತ್ರ ನನಗೆ ಮರ್ಯಾದೆ ಇದೆ. ಪೆನ್ನು ಮುಚ್ಚಿದೆ.

ಪ್ರೊಫೆಸರ್ ಸಾಹೇಬರು ಎರಡೂ ಕಾಗದ ನೋಡಿದರು. "ಬರ್ಖುರ್ದಾರ್, ಇದರಲ್ಲಿ ಸತ್ಯ ಯಾವುದು?"

"ಎರಡೂ ಹುಜೂರ್. ಇದು ಡಬ್ಬಿಯ ತೂಕ. ಅದು ನಮ್ಮ ತಂದೆಯವರ ತೂಕ."

ಅವರು ಹುಬ್ಬೇರಿಸಿದರು. ಬಾಯಿಂದ ಹೇಳಿ ಒಪ್ಪಿಸುವುದು ನನ್ನಿಂದ ಆಗುವುದಿಲ್ಲವೆಂದು ಗೊತ್ತಿತ್ತು. ಮಾಡಿ ತೋರಿಸಿದೆ. ಸಾಹುಕಾರರು ಅಪ್ಪನ ಮುಖ ನೋಡಿದ ಹಾಗೆ ನೋಡಿ ಕೆಂಪು ಅಂದೆ. ಗೋಡೆಯ ಮೇಲೆ ಗಡ್ಡ ಇಟ್ಟೆ. ತಂಬಿಗೆ ಹಿಡಿದು ನಡೆದೆ. ಬಾವಿಯೊಳಗೆ ಇಣುಕಿದೆ. ಅವರು ನಗಲಿಲ್ಲ. ಆದರೆ ಎಡಗೈ ಗುಂಡಿ ಹುಡುಕುವುದನ್ನು ನಿಲ್ಲಿಸಿತ್ತು.

"ನಿಮ್ಮ ಊರಿನ ಜನ ವಿಚಿತ್ರ," ಎಂದರು ಕೊನೆಗೆ. "ಎಲ್ಲರೂ ಹೀಗೆ ಮಾಡುತ್ತಾರೆಂದು ನಾನು ಹೇಗೆ ನಂಬಲಿ? ನನ್ನ ತರಗತಿಯ ಹುಡುಗರು ಓದಿದವರು. ಅವರು ಕೈಯನ್ನು ನಂಬುತ್ತಾರೋ ಮುಖವನ್ನೋ, ನೋಡಿಯೇಬಿಡೋಣ." ಡಬ್ಬಿಗಳನ್ನು ತೆಗೆದುಕೊಂಡು ಎದ್ದರು. ಬಾಗಿಲಲ್ಲಿ ತಿರುಗಿ, "ನೀವು ಬಾಯಿ ಬಿಡಬಾರದು. ನಿಮ್ಮ ಸರದಿ ಬಂದಾಗ ಮಾತ್ರ," ಎಂದರು. ಸಹಿ ಬೀಳದ ನನ್ನ ಕಾಗದ ಅವರ ಕಂಕುಳಲ್ಲಿತ್ತು. ನನ್ನ ಶಹಾಬಾದವೂ ಅಲ್ಲೇ ಇತ್ತು.

ತರಗತಿಯಲ್ಲಿ ಅವರು ಮೊದಲು ತಾವೇ ಎತ್ತಿದರು. ಕನ್ನಡಕ ತೆಗೆದರು, ಒರೆಸಿದರು, ಏರಿಸಿದರು. "ನನ್ನ ಅಭಿಪ್ರಾಯದಲ್ಲಿ ಕೆಂಪು ಭಾರ. ನೀವೂ ನೋಡಿ."

ಡಬ್ಬಿಗಳು ಮೊದಲ ಬೆಂಚಿಗೆ ಬಂದವು. ಹೈದರಾಬಾದಿನ ನವಾಬರ ಮನೆಯ ಹುಡುಗ, ಉಗುರಿಗೂ ಧೂಳು ತಾಗದವನು, ಎತ್ತಿ ಒಂದು ಕ್ಷಣ ತಡೆದ. "ಜೀ, ಕೆಂಪು." ಪಕ್ಕದವನು ಅನುಮಾನವೇ ಬೇಡ ಎನ್ನುವ ಹಾಗೆ, "ಬೇಶಕ್ ಕೆಂಪು." ವರಂಗಲ್ಲಿನವನು, ಔರಂಗಾಬಾದಿನವನು, ಬೀದರಿನವನು, ಎಲ್ಲರೂ ಕೆಂಪು. ನಮ್ಮ ಕಟ್ಟೆಯೇ ಹೈದರಾಬಾದಿಗೆ ಬಂದು ಕೂತಿತ್ತು. ಚಿಂಚೋಳಿಯವನ ಸರದಿ. ಅವನಿಗಂತೂ ಎಲ್ಲ ಗೊತ್ತು, ಕಾಗದ ಕಂಡವನು, ಕಲಸಿಬಿಡು ಅಂದವನು. ಎತ್ತಿದ. ನನ್ನ ಕಡೆ ನೋಡಿದ. ಸಾಹೇಬರ ಕಡೆ ನೋಡಿದ. "ಕೆಂಪು ಹುಜೂರ್," ಎಂದು ತಲೆ ತಗ್ಗಿಸಿದ.

ಡಬ್ಬಿಗಳು ನನ್ನ ಕೈಗೆ ಬಂದವು. ಸೇಡಂನಿಂದ ಇಲ್ಲಿಯ ತನಕ ತೊಡೆಯ ಮೇಲೆ ಇಟ್ಟುಕೊಂಡು ತಂದ ಡಬ್ಬಿಗಳು. ಯಾವುದು ಭಾರ ಎಂದು ಇಡೀ ನಿಜಾಮರ ರಾಜ್ಯದಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಹಸಿರು ಕೈಯನ್ನು ಕೆಳಗೆ ಜಗ್ಗುತ್ತಲೇ ಇತ್ತು. ಮುಂದೆ ಸಾಹೇಬರು, ಅವರ ಕಂಕುಳಲ್ಲಿ ನನ್ನ ಕಾಗದ.

"ಕೆಂಪು ಹುಜೂರ್," ಎಂದೆ.

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ನೀವೂ?"

"ಸಹಿ ಇನ್ನೂ ಆಗಿಲ್ಲವಲ್ಲ ಹುಜೂರ್!"

ತರಗತಿಗೆ ಏನೂ ಅರ್ಥವಾಗಲಿಲ್ಲ. ಪ್ರೊಫೆಸರ್ ಸಾಹೇಬರು ನಕ್ಕರು. ಮೂಗಿನಿಂದ ಶುರುವಾಗಿ ಶೇರ್ವಾನಿಯ ಗುಂಡಿಗಳನ್ನೆಲ್ಲ ಅಲುಗಿಸಿದ ನಗು. ಅದನ್ನು ನಾನು ಅಲ್ಲಿಯ ತನಕ ಕೇಳಿರಲಿಲ್ಲ, ಆದ್ದರಿಂದ ನನ್ನ ಸಂಗ್ರಹದಲ್ಲಿ ಅದು ಇರಲಿಲ್ಲ. ಕೂಡಲೇ ಕಲಿತುಕೊಂಡೆ. ಅವರು ನನ್ನ ಕಾಗದಗಳನ್ನು ಮೇಜಿನ ಮೇಲೆ ಇಟ್ಟು, ಕಟ್ಟೆಯದಕ್ಕೊಂದು, ಹಿತ್ತಲಿನದಕ್ಕೊಂದು ಸಹಿ ಹಾಕಿ, ಮಸಿ ಆರಲೆಂದು ಊದಿ, ನನ್ನ ಮುಂದೆ ಹಿಡಿದರು.

"ಈಗ ಹೇಳಿ, ಯಾವುದು ಭಾರ?"

"ಹಸಿರು ಹುಜೂರ್."

ಅವರು ತರಗತಿಯ ಕಡೆ ತಿರುಗಿದರು. "ನೀವು?"

ಇಡೀ ತರಗತಿ ಅವರ ಮುಖವನ್ನು ನೋಡುತ್ತಾ ಕಾಯುತ್ತಿತ್ತು.